ಬಾಡಿಗೆ ಮನೆಯ ಬಾಗಿಲಿಗೆ ಯಾರ ಬಾವುಟ?

(ತೊಕ್ಕೊಟ್ಟಿನಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಕಳೆದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ಮೆಲ್ಲ ಒಂದು ವಿಷಯ ಹೇಳಿದ್ರು. ಅವರದ್ದು ಇಲ್ಲೇ ಸಾಲು ಮನೆಯಲ್ಲಿ ಬಾಡಿಗೆ ವಾಸ. 2024ರ ಲೋಕಸಭಾ ಚುನಾವಣೆಯ ಸಮಯ ಬೀಡಿ ಕೊಟ್ಟು ಬರುವಾಗ ಬಾಗಿಲಿಗೆ ಒಂದು ಪಕ್ಷದ ಸ್ಟಿಕ್ಕರ್ ಅಂಟಿಸಿ ಆಗಿತ್ತು. ಸಂಜೆ ಧಣಿ ಬಂದು "ರಾಜಕೀಯ ಬೇಕಾದ್ರೆ ಬೇರೆ ಮನೆ ನೋಡಿ" ಅಂದ್ರಂತೆ. ಕಿತ್ತರೆ ಪಕ್ಷದ ಹುಡುಗರ ಹೆದರಿಕೆ, ಬಿಟ್ಟರೆ ಧಣಿಯ ಹೆದರಿಕೆ. ಕಡೆಗೆ ರಾತ್ರಿ ಬಿಸಿನೀರು ಹಾಕಿ ಉಜ್ಜಿದರು. ಸ್ಟಿಕ್ಕರಿನೊಟ್ಟಿಗೆ ಬಾಗಿಲಿನ ಬಣ್ಣವೂ ಎದ್ದು ಬಂತು.

ಅವರನ್ನು ಯಾರೂ ಕೇಳಲೇ ಇಲ್ಲ, ನೋಡಿ. ಅಂಟಿಸುವಾಗಲೂ ಇಲ್ಲ, ಬೈಯುವಾಗಲೂ ಇಲ್ಲ.

ಚುನಾವಣಾ ನೀತಿ ಸಂಹಿತೆ ಪ್ರಕಾರ ಯಾರದ್ದೇ ಜಾಗ, ಕಟ್ಟಡ, ಕಂಪೌಂಡ್ ಗೋಡೆಯಲ್ಲಿ ಅವರ ಅನುಮತಿ ಇಲ್ಲದೆ ಬಾವುಟ, ಬ್ಯಾನರ್ ಕಟ್ಟುವಂತಿಲ್ಲ, ನೋಟಿಸು ಅಂಟಿಸುವಂತಿಲ್ಲ. ಖಾಸಗಿ ಮನೆಗೆ ಬಾವುಟ ಕಟ್ಟಲು ಅಲ್ಲಿ ವಾಸ ಇರುವವರ ಲಿಖಿತ ಒಪ್ಪಿಗೆ ಪಡೆದು, ಅಭ್ಯರ್ಥಿಯು ಅದರ ಪ್ರತಿಯನ್ನು ಮೂರು ದಿನದೊಳಗೆ ಚುನಾವಣಾಧಿಕಾರಿಗೆ ಕೊಡಬೇಕೆಂದು ಆಯೋಗದ ಸೂಚನೆ ಉಂಟು. ಹೆದರಿಸಿ ಪಡೆದದ್ದು ಒಪ್ಪಿಗೆ ಅಲ್ಲ. "ವಾಸ ಇರುವವರು" ಎಂಬ ಶಬ್ದ ಗಮನಿಸಿ. ತಿಂಗಳು ತಿಂಗಳು ಬಾಡಿಗೆ ಕೊಟ್ಟು ಅಲ್ಲಿ ಅಡಿಗೆ ಮಾಡುವ ನೀವೇ ಅದು. ಧಣಿಯ ಹತ್ತಿರ ಮಾತ್ರ ಕೇಳಿ ನಿಮ್ಮ ಬಾಗಿಲಿಗೆ ಬರುವವರಿಗೆ ಇದನ್ನು ಹೇಳಬಹುದು. ಚುನಾವಣೆಯ ಸಮಯ 1950ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಇನ್ನು ನಮಗೇ ಒಂದು ಬಾವುಟ ಹಾಕಬೇಕು ಅನ್ನಿಸಿದರೆ? ಹಾಕಿದರೆ ತಪ್ಪೇನಿಲ್ಲ, ನಾವೂ ಮತದಾರರೇ ಅಲ್ವಾ. ಅಮೆರಿಕದ ಲಡ್ಯೂ ಎಂಬ ಊರಿನಲ್ಲಿ ಮಾರ್ಗರೆಟ್ ಗಿಲಿಯೊ ಎಂಬ ಹೆಂಗಸು ಯುದ್ಧ ಬೇಡ, ಶಾಂತಿ ಬೇಕು ಎಂದು ಕಿಟಕಿಗೆ ಒಂದು ಸಣ್ಣ ಕಾಗದ ಹಾಕಿದ್ದರು. ನಗರಾಡಳಿತ ಬೇಡವೆಂದಿತು. 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಹಣ ಇಲ್ಲದವರಿಗೆ ಮನೆಯ ಕಿಟಕಿಗಿಂತ ಅಗ್ಗದ ದಾರಿ ಬೇರೆ ಇಲ್ಲ ಎಂಬುದನ್ನೂ ಆ ತೀರ್ಪು ಗಮನಿಸಿತು.

ಆದರೆ ಆಕೆಯ ಮನೆ ಸ್ವಂತದ್ದು, ಜಗಳ ಸರಕಾರದ ಜೊತೆ. ನಮ್ಮ ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯವೂ ಮುಖ್ಯವಾಗಿ ಸರಕಾರದ ಎದುರು ಇರುವ ಹಕ್ಕು. ಧಣಿಯ ಜೊತೆ ನಡೆಯುವುದು ಕರಾರು. "ಬೋರ್ಡು, ಬಾವುಟ ಹಾಕಬಾರದು" ಎಂದು ಅದರಲ್ಲಿ ಇದ್ದು ನೀವು ಸಹಿ ಹಾಕಿದ್ದರೆ ವಾದ ಮಾಡುವುದು ಕಷ್ಟ. ಗೋಡೆಗೆ ಗಮ್, ಬಣ್ಣ, ಮೊಳೆ ಬೇಡವೇ ಬೇಡ. ಗೋಡೆ ಹಾಳಾದರೆ ಅಡ್ವಾನ್ಸಿನಿಂದ ಹೋಗುತ್ತದೆ. ಮೇಲಾಗಿ ರಸ್ತೆಗೆ ಕಾಣುವ ಗೋಡೆ ಅಂದಗೆಡಿಸುವುದರ ವಿರುದ್ಧ 1981ರ ಕರ್ನಾಟಕ ಕಾಯಿದೆಯೂ ಉಂಟು. ಬಿಚ್ಚಿ ತೆಗೆಯಬಹುದಾದ ಸಣ್ಣ ಬಾವುಟವಾದರೆ ಧಣಿಗೆ ಮೊದಲೇ ಒಂದು ಮಾತು ಹೇಳಿ.

ಬಾವುಟಕ್ಕಾಗಿ ಸಾಮಾನು ಹೊರಗೆ ಹಾಕಬಹುದಾ ಎಂದು ಕೆಲವರು ಕೇಳಿದ್ದೀರಿ. ಖಂಡಿತ ಇಲ್ಲ. ತಿಂಗಳ ಬಾಡಿಗೆಗೆ ಬೇರೆ ಕರಾರು ಇಲ್ಲದಿದ್ದರೆ ಕನಿಷ್ಠ 15 ದಿನದ ನೋಟಿಸು ಬೇಕು. ಆಮೇಲೂ ನೀವು ಬಿಡದಿದ್ದರೆ ಧಣಿ ಕೋರ್ಟಿಗೇ ಹೋಗಬೇಕು. ಆದರೆ ಸತ್ಯ ಹೇಳಬೇಕಲ್ಲ, ಹೆಚ್ಚಿನ ಬಾಡಿಗೆ ಮನೆಗಳಿಗೆ ಈಗ 1999ರ ಬಾಡಿಗೆ ಕಾಯಿದೆಯ ರಕ್ಷಣೆ ಇಲ್ಲ. ಅಂಥ ಕಡೆ ನೋಟಿಸು ಕೊಡಲು ಧಣಿ ಕಾರಣ ಹೇಳಬೇಕೆಂದೇನೂ ಇಲ್ಲ. ನಮ್ಮ ಆ ಸದಸ್ಯೆ ಸುಮ್ಮನಿದ್ದದ್ದು ಹೇಡಿತನದಿಂದ ಅಲ್ಲ. ಮಕ್ಕಳ ಶಾಲೆ ಹತ್ತಿರ ಇರುವ ಮನೆ ಅದು.

ನೋಟಿಸು ಬಂದರೆ ಮಂಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಮುಂದಿನ ಸಭೆಗೆ ಎಲ್ಲರೂ ನಿಮ್ಮ ಕರಾರು ಪತ್ರ ತನ್ನಿ, ಒಟ್ಟಿಗೆ ಕೂತು ಓದುವ. ಕನ್ನಡಕ ಮರೆಯಬೇಡಿ, ಅಕ್ಷರ ತುಂಬಾ ಸಣ್ಣದಿರುತ್ತದೆ.