ಗುಬ್ಬಿ ಕಂಪನಿಯ ಮಟ್ಟು



ನಮ್ಮ ಕಡೆ ಮನುಷ್ಯನ ಹೆಸರಿನ ಮುಂದೆ ಅವನ ಊರು ನಡೆಯುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ, ಊರದೇವರು ಚನ್ನಬಸವೇಶ್ವರನ ಹೆಸರಿಟ್ಟು 1884ರಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಪುಟ್ಟ ಹುಡುಗನಾಗಿ ಅದಕ್ಕೆ ಸೇರಿದ ವೀರಣ್ಣನವರು ಮುಂದೆ ಅದರ ಮಾಲೀಕರಾದರು, ಗುಬ್ಬಿ ವೀರಣ್ಣ ಎನಿಸಿಕೊಂಡರು. ಆಮೇಲೆ ಗುಬ್ಬಿ ಎಂದರೆ ಜನರ ಬಾಯಲ್ಲಿ ಕಂಪನಿಯೇ.

ನಮ್ಮಜ್ಜ ಊರ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಅವರ ಹಾಡಿನ ಪುಸ್ತಕ ಈಗ ನನ್ನ ಹತ್ತಿರ ಇದೆ. ಕೆಂಪು ಬಟ್ಟೆಯ ರಟ್ಟು, ಹಾಳೆಯ ಅಂಚಿಗೆಲ್ಲ ದೀಪದೆಣ್ಣೆಯ ಕಲೆ. ಹಾಡಿನ ತಲೆಯ ಮೇಲೆ ರಾಗ, ತಾಳ. ಹಲವು ಕಡೆ ಪಕ್ಕದಲ್ಲೇ ‘ಗುಬ್ಬಿ ಕಂಪನಿ ಮಟ್ಟು’ ಎಂದು ಬರೆದಿದ್ದಾರೆ. ಅಜ್ಜ ಗುಬ್ಬಿ ಊರನ್ನು ಕಂಡವರಲ್ಲ. ಕಂಪನಿ ಕ್ಯಾಂಪು ಹಾಕಿದಲ್ಲಿಗೆ ಗಾಡಿ ಕಟ್ಟಿಕೊಂಡು ಹೋಗಿ, ಬೆಳಗಿನ ಜಾವದವರೆಗೆ ಕೂತು ಕೇಳಿ, ದಾರಿಯುದ್ದಕ್ಕೂ ಗುನುಗುತ್ತ ಬಂದವರು. ಕಂಪನಿಯ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳು ರಂಗಕ್ಕೇ ಬಂದದ್ದನ್ನು ಜನ ಇವತ್ತಿಗೂ ಬಾಯ್ತುಂಬ ಹೇಳುತ್ತಾರೆ. ಅಜ್ಜ ಹೊತ್ತು ತಂದದ್ದು ಮಟ್ಟು.

ಆ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಬಣ್ಣ ಹಚ್ಚಿದರು. ಅವರ ಮಗ ಮುತ್ತುರಾಜ್ ಅಲ್ಲೇ ಪಳಗಿ, 1954ರ ‘ಬೇಡರ ಕಣ್ಣಪ್ಪ’ ಸಿನಿಮಾದಿಂದ ರಾಜ್‌ಕುಮಾರ್ ಆದರು. ಬಂಟ್ವಾಳದ ಕಡೆಯ ಮಂಚಿಯಿಂದ ಮನೆ ಬಿಟ್ಟು ಓಡಿಬಂದ ಇನ್ನೊಬ್ಬ ಹುಡುಗನಿದ್ದ, ಬಿ.ವಿ. ಕಾರಂತ. ಅವನನ್ನು ಕಾಶಿಗೆ ಕಳಿಸಿ ಎಂ.ಎ. ಓದಿಸಿದವರು ವೀರಣ್ಣನವರು. ಹಾಡು ಬಲ್ಲ, ಪಾತ್ರಕ್ಕೆ ಒದಗುವ ಹುಡುಗನನ್ನು ಓದಿಗೆಂದು ಕಂಪನಿಯಿಂದ ಬಿಟ್ಟುಕೊಡುವ ಯಜಮಾನರು ಎಷ್ಟು ಮಂದಿ ಸಿಕ್ಕಾರು? ನನ್ನ ಕಣ್ಣಿಗೆ ಆ ಆನೆಗಳಿಗಿಂತ ಇದು ದೊಡ್ಡದು. ಅದೇ ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು.

ವೀರಣ್ಣನವರು 1972ರಲ್ಲಿ ತೀರಿಕೊಂಡರು. ಅವರ ಮೊಮ್ಮಗಳು ಬಿ. ಜಯಶ್ರೀಯವರ ಹೆಸರಿನಲ್ಲಿ ಗುಬ್ಬಿ ಇಲ್ಲ. ಆದರೆ ‘ಕರಿಮಾಯಿ’ಯಲ್ಲೋ ‘ಲಕ್ಷಾಪತಿ ರಾಜನ ಕಥೆ’ ನಾಟಕದಲ್ಲೋ ಅವರ ದನಿ ಕೇಳಿದವರಿಗೆ ಅದು ಯಾವ ಮನೆಯ ಕಂಠ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೊನೆಯ ಸಾಲಿನಲ್ಲಿ ಕೂತವನಿಗೂ ಎದೆಗೆ ತಾಗುವ ಕಂಠ ಅದು.

ಅಜ್ಜನ ಪುಸ್ತಕಕ್ಕೆ ಮರಳುತ್ತೇನೆ. ಅದರಲ್ಲಿ ಮಟ್ಟಿನ ಹೆಸರಿದೆ, ಸ್ವರ ಹಾಕಿಲ್ಲ. ಅಜ್ಜನಿಗೆ ಅದು ಕೈಬೆರಳಲ್ಲೇ ಇತ್ತು, ಬರೆಯುವ ಅಗತ್ಯ ಕಾಣಲಿಲ್ಲ. ಈಗ ನಾನು ಪುಟ ತಿರುವಿದರೆ ಸಾಹಿತ್ಯ ಕಾಣುತ್ತದೆ, ಹಾಡು ಬರುವುದಿಲ್ಲ. ಅವರಿದ್ದಾಗ ಕೂತು ಕೇಳಿಸಿಕೊಳ್ಳಲಿಲ್ಲವಲ್ಲ ಎಂಬ ಸಂಕಟ ನನ್ನಲ್ಲಿ ಉಳಿದೇ ಇದೆ.

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಕಂಪನಿ ನಾಟಕದ ಹಾಡು ಬಲ್ಲ ಹಿರಿಯರಿದ್ದರೆ ಇವತ್ತು ಸಂಜೆಯೇ ಪಕ್ಕದಲ್ಲಿ ಕೂತು ಒಂದು ಹಾಡು ಹೇಳಿಸಿ. ಮೊಬೈಲಿನಲ್ಲಿ ಹಿಡಿದಿಡಿ. ಅವರ ಹೆಸರನ್ನೂ ಊರನ್ನೂ ಜೊತೆಗೆ ಬರೆದಿಡಿ.