ದ್ರಾಕ್ಷಿತೋಟದ ಕೂಲಿಯೂ ನಮ್ಮ ಯುವಜನರೂ

(ಶತಮಾನೋತ್ಸವದ ಅಂಗವಾಗಿ ನಡೆದ ಯುವಜನ ಸಮಾವೇಶದಲ್ಲಿ ಮಾಡಿದ ಭಾಷಣ)



ಪ್ರಭು ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿಯನ್ನು ನೀವೆಲ್ಲರೂ ಬಲ್ಲಿರಿ. ಮುಂಜಾನೆ ಬಂದ ಕೂಲಿಯಾಳುಗಳು ಒಂದು ದಿನಾರಿ ನಾಣ್ಯಕ್ಕೆ ಒಪ್ಪಿಯೇ ದುಡಿದರು. ಸಂಜೆ, ತಡವಾಗಿ ಬಂದವರ ಕೈಯಲ್ಲೂ ಅದೇ ನಾಣ್ಯವನ್ನು ಕಂಡೊಡನೆ ಗೊಣಗತೊಡಗಿದರು. ಅವರ ನಾಣ್ಯದ ತೂಕವು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಪಕ್ಕದವನ ಅಂಗೈಯನ್ನು ನೋಡಿದ್ದರಿಂದ ಅದು ಕಿರಿದಾಗಿ ಕಂಡಿತು. ನಮ್ಮ ಯುವಜನರ ಸಂಕಟವೂ ಇಂಥದ್ದೇ. ಆದರೆ ಇವರು ಪಕ್ಕದವನ ಅಂಗೈಯನ್ನು ನೋಡುವುದು ಸಂಜೆಗೊಮ್ಮೆಯಲ್ಲ, ಮೊಬೈಲಿನಲ್ಲಿ ದಿನವಿಡೀ.

ಹೋಲಿಕೆಯೆಂಬುದು ಹೊಸ ದೌರ್ಬಲ್ಯವೇನಲ್ಲ. ಅಳೆಯಲು ಬೇರೆ ಮಾನದಂಡವಿಲ್ಲದಾಗ ಮನುಷ್ಯನು ತನ್ನಂಥವರೊಡನೆಯೇ ತನ್ನನ್ನು ತೂಗಿನೋಡುತ್ತಾನೆಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿಯೇ ಪ್ರತಿಪಾದಿಸಿದರು. ಆದುದರಿಂದಲೇ ಚಿತ್ರತಾರೆಯ ಬಂಗಲೆಗಿಂತ ಸಹಪಾಠಿಯ ಹೊಸ ಬೈಕು ಹೆಚ್ಚು ಚುಚ್ಚುತ್ತದೆ. ಹಿರಿಯರಾದ ನಾವೂ ನೆರೆಮನೆಯ ಹೆಂಚನ್ನು, ಹಬ್ಬದ ಸೀರೆಯನ್ನು ಕಂಡು ಕರುಬಿದವರೇ, ಸುಳ್ಳು ಹೇಳಲಾರೆ. ಆದರೆ ಆ ನೆರೆಯವನ ಸಾಲ, ಮಗುವಿನ ಜ್ವರ, ಗಂಡಹೆಂಡಿರ ಜಗಳ ಎಲ್ಲವೂ ಗೋಡೆಯಾಚೆಯಿಂದ ನಮಗೆ ಕೇಳಿಸುತ್ತಿದ್ದವು. 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಮಿನಲ್ಲಿ ಅವು ಕೇಳಿಸುವುದು ಅಪರೂಪ. ಹತ್ತಾರು ಸಲ ತೆಗೆದು, ಆರಿಸಿ, ತಿದ್ದಿದ ಒಂದು ಚಿತ್ರವಷ್ಟೇ ಅಲ್ಲಿ ಕಾಣುವುದು. ಅದರ ಕೆಳಗೆ ಮೆಚ್ಚಿದವರ ಲೆಕ್ಕ. ತಮ್ಮ ದೇಹದ ಬಗ್ಗೆ ಕೊರಗುವಾಗ ಅದು ಆ ಕೊರಗನ್ನು ಇನ್ನಷ್ಟು ಹೆಚ್ಚಿಸಿತೆಂದು ಹದಿಹರೆಯದ ಹುಡುಗಿಯರಲ್ಲಿ ಶೇಕಡಾ 32 ಮಂದಿ ಕಂಪೆನಿಯ ಆಂತರಿಕ ಅಧ್ಯಯನದಲ್ಲೇ ಹೇಳಿದ್ದರೆಂಬುದು 2021ರಲ್ಲಿ ಬಯಲಾಯಿತು. ಮೆಚ್ಚುಗೆಯ ಎಣಿಕೆಯನ್ನು ಮರೆಮಾಡುವ ಅವಕಾಶವೂ ಅದೇ ವರ್ಷ ಎಲ್ಲರಿಗೂ ದೊರೆಯಿತು. ಇಲ್ಲಿರುವವರಲ್ಲಿ ಎಷ್ಟು ಮಂದಿ ಅದನ್ನು ಬಳಸಿದ್ದೀರಿ?

ನಮ್ಮ ಗಾಯನವೃಂದದ ತರುಣನೊಬ್ಬನು ಕೆಲಕಾಲದ ಹಿಂದೆ ಬರುವುದನ್ನೇ ನಿಲ್ಲಿಸಿದನು. (ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.) ವಿಚಾರಿಸಿದಾಗ, ತಾನು ಹಾಡಿ ಹಾಕಿದ ಗೀತೆಯನ್ನು ಹನ್ನೊಂದು ಮಂದಿ ಮೆಚ್ಚಿದರೆಂದೂ, ಜೊತೆಗಾರನ ಹಾಡಿಗೆ ಸಾವಿರ ಮಂದಿ ಮೆಚ್ಚುಗೆಯಿತ್ತರೆಂದೂ ತಲೆತಗ್ಗಿಸಿ ಹೇಳಿದನು. "ನನ್ನ ದನಿ ಅಷ್ಟೇ, ಸರ್" ಎಂದನು. ಅದೇ ದನಿಯನ್ನು ಕೇಳುತ್ತಾ ಮರಣಪೂಜೆಯೊಂದರಲ್ಲಿ ತಾಯಿಯೊಬ್ಬರು ಸಮಾಧಾನದಿಂದ ಕಣ್ಣೊರೆಸಿಕೊಂಡುದನ್ನು ನಾನು ಕಣ್ಣಾರೆ ಕಂಡಿದ್ದೆ. ಅದನ್ನು ಯಾವ ಯಂತ್ರವೂ ಎಣಿಸಿರಲಿಲ್ಲ. ಕಂಡ ನಾನೂ ಅವನಿಗೆ ಒಂದು ಮಾತು ಹೇಳಿರಲಿಲ್ಲ. ಮಕ್ಕಳು ಮೆಚ್ಚುಗೆಗಾಗಿ ಮೊಬೈಲನ್ನೇ ನೆಚ್ಚಿಕೊಂಡಿದ್ದಾರೆಂದು ದೂರುವ ನಾವು, ನಮ್ಮ ಮೆಚ್ಚುಗೆಯನ್ನು ಬಾಯಿಬಿಟ್ಟು ಹೇಳಲು ಏಕೆ ಇಷ್ಟು ಜಿಪುಣರಾದೆವೋ!

ಅಂದು ಅವನಿಗೆ ಆ ತಾಯಿಯ ವಿಷಯವನ್ನು ಹೇಳಿದೆ. ಎರಡು ಭಾನುವಾರ ಅವನು ಬರಲಿಲ್ಲ. ಮೂರನೆಯ ಭಾನುವಾರ ಬಂದು ಹಿಂದಿನ ಸಾಲಿನಲ್ಲಿ ನಿಂತನು. ಇಂದಿನ ಕಾರ್ಯಕ್ರಮದಲ್ಲಿ ನನ್ನ ಭಾಷಣದ ನಂತರ ಗಾಯನವೃಂದದ ಗೀತೆಯಿದೆ. ಅವರನ್ನು ಇನ್ನೂ ಕಾಯಿಸಲಾರೆ.