ಸಾಲಗಾರರನ್ನು ಬಿಡಿಸಿದ ಹಾಡು



ದೊಡ್ಡ ಊರಿನ ದೇವಾಲಯಗಳಲ್ಲಿ ಹಬ್ಬದ ದಿನ ಹಾಡುವ ‘ಹಲ್ಲೆಲೂಯ’ ಕೋರಸ್ಸನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಅದನ್ನು ಕಟ್ಟಿದವನು ಹ್ಯಾಂಡೆಲ್. 1685ರಲ್ಲಿ ಜರ್ಮನಿಯ ಹಾಲೆ ಪಟ್ಟಣದಲ್ಲಿ ಹುಟ್ಟಿದ. ಅಪ್ಪ ಕ್ಷೌರದ ಜೊತೆಗೆ ಗಾಯ ಕೊಯ್ದು ಕಟ್ಟುವ ವೈದ್ಯ. ಮಗ ವಕೀಲನಾಗಲೆಂದು ಅವನ ಆಸೆ. ಮಗನೋ ಲಂಡನ್ನಿಗೆ ಹೋಗಿ ಸಂಗೀತದಲ್ಲೇ ಹೆಸರು, ಹಣ ಎರಡನ್ನೂ ಗಳಿಸಿದ.

‘ಮೆಸ್ಸೀಯ’ ಎಂಬ ಆ ದೊಡ್ಡ ಕೃತಿಯನ್ನು 1741ರಲ್ಲಿ 24 ದಿನಗಳಲ್ಲಿ ಬರೆದ. 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಮೊದಲ ಸಲ ಹಾಡಿಸಿದ. ಜಾಗ ಸಾಲದೆಂದು, ಹೆಂಗಸರು ಬುಟ್ಟಿ ಕವುಚಿದಂತೆ ನಿಲ್ಲುವ ಅಗಲ ಲಂಗ ಉಟ್ಟು ಬರಬಾರದು, ಗಂಡಸರು ಕತ್ತಿ ಕಟ್ಟಿಕೊಂಡು ಬರಬಾರದು ಎಂದು ಮೊದಲೇ ಕೇಳಿಕೊಂಡಿದ್ದರು! ಸುಮಾರು 700 ಮಂದಿ ಒತ್ತೊತ್ತಾಗಿ ಕೂತರು. ಸುಮಾರು 400 ಪೌಂಡು ಕೂಡಿತು. ಅದನ್ನು ಮೂರು ಪಾಲು ಮಾಡಿದರು. ಒಂದು ಮರ್ಸರ್ ಆಸ್ಪತ್ರೆಗೆ, ಒಂದು ಬಡವರ ಧರ್ಮಾಸ್ಪತ್ರೆಗೆ, ಮತ್ತೊಂದು ಸಾಲ ತೀರಿಸಲಾರದೆ ಜೈಲಿನಲ್ಲಿ ಬಿದ್ದಿದ್ದವರಿಗೆ. 142 ಜನ ಹೊರಗೆ ಬಂದರು. ಮೇಸ್ತ್ರಿಯ ಮುಂಗಡಕ್ಕೆ ತಲೆ ಒತ್ತೆಯಿಟ್ಟು ಬೆಟ್ಟ ಹತ್ತಿದವರ ಮೊಮ್ಮಕ್ಕಳಾದ ನಮಗೆ ಈ 142ರ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

1750ರಿಂದ ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಅನಾಥ ಶಿಶುಗಳ ಆಶ್ರಯಕ್ಕಾಗಿ ವರ್ಷ ವರ್ಷವೂ ಅದೇ ಹಾಡು ನಡೆಯಿತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಗುಲಾಮರನ್ನು ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯ ಷೇರು 1720ರಲ್ಲಿ ಇವನ ಕೈಯಲ್ಲಿತ್ತು. ಒಂದು ಕಡೆ ಸೆರೆ ಬಿಡಿಸಿದ ಹಣ, ಇನ್ನೊಂದು ಕಡೆ ಸಂಕೋಲೆಯ ಹಣ. ದಾನಿಯ ಹಾಡನ್ನು ಕೇಳೋಣ, ಅವನ ಖಾತೆಯನ್ನೂ ನೋಡೋಣ. ಅಂದಿನ ಡಬ್ಲಿನ್ನಿನ ಬಡವನಿಗೆ ಔಷಧಿ ದಾನವಾಗಿಯೇ ಸಿಗಬೇಕಿತ್ತು. ನಮಗಾದರೋ, ಚಿಕಿತ್ಸೆ ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯಿದೆ ಬರೆದುಕೊಟ್ಟಿತು. ಡಿಸ್ಪೆನ್ಸರಿಯ ಮುಂದೆ ನಿಂತಾಗ ನಾವು ಕೈಯೊಡ್ಡಲು ಬಂದವರಲ್ಲ.

ನಮಗೆ ಹೆಚ್ಚು ಹಿಡಿಸಿದ್ದು ಬೇರೆ. ಹೆಸರುವಾಸಿ ಓಬೋ ವಾದಕನೊಬ್ಬ ಕಡುಬಡತನದಲ್ಲಿ ತೀರಿಕೊಂಡ. ಅವನ ಮಕ್ಕಳು ಲಂಡನ್ನಿನ ಬೀದಿಯಲ್ಲಿ ಹಾಲಿನ ಕತ್ತೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದುದನ್ನು ಜೊತೆಯ ವಾದಕರು ಕಂಡರಂತೆ. 1738ರಲ್ಲಿ ಅವರೆಲ್ಲ ಚಂದಾ ಹಾಕಿ, ಕೈಲಾಗದ ಸಂಗೀತಗಾರರಿಗೂ ಅವರ ಮನೆಯವರಿಗೂ ಒಂದು ನಿಧಿ ಕಟ್ಟಿದರು. ಹ್ಯಾಂಡೆಲ್ ಕೂಡ ಸೇರಿದ. ಕೊನೆಗಾಲದಲ್ಲಿ ಕಣ್ಣು ಹೋಯಿತು. 1759ರಲ್ಲಿ ಸತ್ತಾಗ ಆ ನಿಧಿಗೆ 1,000 ಪೌಂಡು ಬರೆದಿಟ್ಟಿದ್ದ.